ಮಳೆಗಾಲ ಬರುವ ಮೊದಲು ಬ್ಯಾಟರಿ ನೋಡಿಕೊಳ್ಳಿ

ಕರೆಂಟು ಹೋದ ಮೂರನೇ ದಿನ ಅಂಕೋಲೆ ಪೇಟೆಗೆ ಓಡಿಬಂದು, ಸಿಕ್ಕಿದ ಬ್ಯಾಟರಿಯನ್ನು ರಿಕ್ಷಾಕ್ಕೆ ಹಾಕಿಸಿಕೊಂಡು ಹೋಗುವವರು ನೀವಾದರೆ, ಸ್ವಲ್ಪ ಕೂತು ಕೇಳಿ. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆ ಅಂಗಡಿಯವರು ಹೇಳಿದ್ದೇ ಬೆಲೆ, ಅವರಲ್ಲಿ ಉಳಿದದ್ದೇ ಒಳ್ಳೆಯ ಮಾಲು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು, ಮರೆತಿಲ್ಲ ತಾನೇ? ಅಚವೆ, ಹಿಲ್ಲೂರು, ಡೋಂಗ್ರಿ ಕಡೆಯವರಿಗಂತೂ ಒಂದು ಮರ ತಂತಿಯ ಮೇಲೆ ಬಿದ್ದರೆ ಹೆಸ್ಕಾಂನವರು ಬಂದು ಮುಟ್ಟುವವರೆಗೆ ಕತ್ತಲೆಯೇ. ಕಟ್ಟಿಗೆ, ಹಪ್ಪಳ ಸೇರಿಸಿಡುವ ಮೇ ತಿಂಗಳಲ್ಲೇ ಬ್ಯಾಟರಿಯ ವಿಚಾರವನ್ನೂ ಮುಗಿಸಿಬಿಡಿ.

ಮೊದಲು ನಿಮ್ಮ ಖರ್ಚಿನ ಲೆಕ್ಕ ಹಾಕಿ, ಆಮೇಲೆ ಅಂಗಡಿಗೆ ಹೋಗಿ. 12 ವೋಲ್ಟಿನ, 150 ಎ.ಎಚ್. ಬ್ಯಾಟರಿಯಲ್ಲಿ ತುಂಬಿರುವುದು 1800 ವ್ಯಾಟ್‌ ಅವರ್. ಸೀಸ-ಆ್ಯಸಿಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ, ಅಂದರೆ 900 ಮಾತ್ರ ನಿಮ್ಮದು ಅಂದುಕೊಳ್ಳಿ. 75 ವ್ಯಾಟಿನ ಎರಡು ಹಳೆಯ ಫ್ಯಾನು, 9 ವ್ಯಾಟಿನ ನಾಲ್ಕು ಬಲ್ಬು ಹಾಕಿ, ಇನ್‌ವರ್ಟರ್ ತಿನ್ನುವ ಪಾಲನ್ನೂ ಸೇರಿಸಿದರೆ ಅದು ನಾಲ್ಕು ಗಂಟೆಗೆ ಮುಗಿಯುತ್ತದೆ. ಫ್ಯಾನು ಬದಲಿಸಿ 30 ವ್ಯಾಟಿನ ಬಿ.ಎಲ್.ಡಿ.ಸಿ. ಹಾಕಿಸಿದರೆ ಅದೇ ಬ್ಯಾಟರಿ ಹೆಚ್ಚುಕಡಿಮೆ ಎಂಟು ಗಂಟೆ ಎಳೆಯುತ್ತದೆ. ದೊಡ್ಡ ಬ್ಯಾಟರಿಗಿಂತ ಒಳ್ಳೆಯ ಫ್ಯಾನು ಅಗ್ಗ ಎಂದು ಅಂಗಡಿಯವರು ನಿಮಗೆ ಹೇಳಲಾರರು, ನಾನು ಹೇಳುತ್ತೇನೆ. ಮಿಕ್ಸರು, ಇಸ್ತ್ರಿಪೆಟ್ಟಿಗೆಯನ್ನು ಇನ್‌ವರ್ಟರಿಗೆ ಕೊಡಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ.

ಇನ್ನು ಯಾವ ಜಾತಿಯ ಬ್ಯಾಟರಿ? ನನ್ನನ್ನು ಕೇಳಿದರೆ, ಬ್ಯಾಟರಿಯ ಗುಣಕ್ಕಿಂತ ಮೊದಲು ನಿಮ್ಮ ಗುಣ ನೋಡಿಕೊಳ್ಳಿ. ಮನೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡುವವರು ಇದ್ದಾರೆಯೇ? ಇದ್ದರೆ ಸೀಸದ ಟ್ಯೂಬ್ಯುಲರ್ ಬ್ಯಾಟರಿ ಸಾಕು. ಬೆಲೆ ಕಡಿಮೆ, ಯಾವ ಊರಿನಲ್ಲೂ ಸಿಗುತ್ತದೆ, ರಿಪೇರಿ ಗೊತ್ತಿರುವವರೂ ಇದ್ದಾರೆ. ಲೇಬಲ್ಲಿನ ಮೇಲೆ ಸಿ10 ಅಂತ ಇದೆಯೋ ಸಿ20 ಅಂತ ಇದೆಯೋ ಓದಿ. ಹತ್ತು ಗಂಟೆಯಲ್ಲಿ ಖಾಲಿ ಮಾಡಿ ಅಳೆದದ್ದು ಸಿ10, ಇಪ್ಪತ್ತು ಗಂಟೆಯಲ್ಲಿ ಅಳೆದದ್ದು ಸಿ20. ಎರಡರ ಮೇಲೂ 150 ಎಂದೇ ಬರೆದಿದ್ದರೂ ಸೋಲಾರಿಗೆ ಸಿ10 ಇರುವುದನ್ನೇ ಕೇಳಿ. ವಾರಂಟಿ 60 ತಿಂಗಳು ಎಂದೊಡನೆ ಹಿಗ್ಗಬೇಡಿ. ಅದರಲ್ಲಿ ಪುಕ್ಕಟೆ ಬದಲಿಸಿಕೊಡುವ ತಿಂಗಳು ಎಷ್ಟು, ಬರೀ ರಿಯಾಯಿತಿ ಕೊಡುವ ತಿಂಗಳು ಎಷ್ಟು ಎಂದು ಕಾರ್ಡಿನಲ್ಲಿ ಬರೆಸಿಕೊಳ್ಳಿ.

ನೀರು ಎಂದರೆ ಡಿಸ್ಟಿಲ್ಡ್ ವಾಟರ್. ಬಾವಿ ನೀರಲ್ಲ, ನಲ್ಲಿ ನೀರಲ್ಲ, ಹಂಚಿನಿಂದ ಇಳಿದ ಮಳೆ ನೀರೂ ಅಲ್ಲ. ಆ್ಯಸಿಡ್ಡನ್ನಂತೂ ಹಾಕಲೇಬೇಡಿ, ಆರಿ ಹೋಗುವುದು ನೀರು ಮಾತ್ರ. ಪ್ಲೇಟು ಗಾಳಿಗೆ ತೆರೆದುಕೊಳ್ಳಲು ಬಿಡಬೇಡಿ, ಗುರುತಿನ ಗೆರೆ ಮೀರಿ ತುಂಬಿಸಲೂ ಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬೆಂಕಿ ಹಿಡಿಯುವ ಹೈಡ್ರೋಜನ್ ಗಾಳಿ ಏಳುತ್ತದೆ. ದೇವರ ಕೋಣೆಯ ಮೂಲೆಯಲ್ಲಿ ಬ್ಯಾಟರಿ ಇಟ್ಟು ಪಕ್ಕದಲ್ಲೇ ದೀಪ ಹಚ್ಚುವವರನ್ನು ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಗಾಳಿಯಾಡುವ, ತಂಪಾದ ಜಾಗ ಕೊಡಿ. ತಗಡಿನ ಮಾಡಿನ ಕೆಳಗೆ ಬೇಯಿಸಬೇಡಿ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ಬಲ್ಲವರ ಲೆಕ್ಕ.

ಆದರೆ ನಮ್ಮ ಕಡೆಯ ನಿಜವಾದ ಪೀಡೆ ಬಿಸಿಲಲ್ಲ, ಆಷಾಢದ ಮೋಡ. ಸೀಸದ ಬ್ಯಾಟರಿಗೆ ಹೊಟ್ಟೆ ತುಂಬಾ ಬೇಕು, ಅದೂ ನಿಧಾನವಾಗಿ, ಎಂಟು ಹತ್ತು ಗಂಟೆ. ಅರ್ಧ ಹೊಟ್ಟೆಯಲ್ಲಿ ವಾರಗಟ್ಟಲೆ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಸೋಲಾರ್ ಒಂದನ್ನೇ ನಂಬಿದ ಗುಡ್ಡದ ಮನೆಗಳಲ್ಲಿ ಬ್ಯಾಟರಿ ಬೇಗ ಸಾಯುವುದು ಹೀಗೆ. ವೋಲ್ಟ್‌ಮೀಟರ್ ಒಂದು ಇಟ್ಟುಕೊಳ್ಳಿ. ಏನೂ ಉರಿಯದಿರುವಾಗ 12.7 ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಅಲ್ಲಿಗೆ ಫ್ಯಾನು ಆರಿಸಿ. ‘ಇನ್ನೊಂದು ಎಪಿಸೋಡು ನೋಡಿ ಬಿಡುವಾ’ ಎನ್ನಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸೋಲಾರ್ ಒಂದನ್ನೇ ನಂಬಿದ ಮನೆಗಳಿಗೆ ಲಿಥಿಯಂ ಸರಿಯಾದದ್ದು. ಮೋಡ ಸರಿದು ಎರಡು ತಾಸು ಬಿಸಿಲು ಬಿದ್ದರೆ ಅಷ್ಟನ್ನೂ ಬೇಗ ಎಳೆದುಕೊಳ್ಳುತ್ತದೆ, ಗಾಳಿ ಬಂದಾಗ ತೂರಿಕೊಳ್ಳುವ ಜಾತಿ ಅದು. ಅರ್ಧ ತುಂಬಿ ಬಿಟ್ಟರೂ ಅದಕ್ಕೆ ಕೆಡುಕಿಲ್ಲ. ನೂರರಲ್ಲಿ 80 ಪಾಲು ಬಳಸಬಹುದು, ನೀರಿನ ಕೆಲಸವಿಲ್ಲ. 150 ಎ.ಎಚ್.ನ ಟ್ಯೂಬ್ಯುಲರ್ 50 ಕಿಲೋ ಮೀರಿ ತೂಗುತ್ತದೆ, 100 ಎ.ಎಚ್.ನ ಲಿಥಿಯಂ ಹತ್ತು ಹನ್ನೆರಡು ಕಿಲೋ. ಬಳಸಲು ಸಿಗುವ ಕರೆಂಟು ಮಾತ್ರ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಬೆಲೆ ಹೆಚ್ಚು, ಹೌದು. ಕಾಸಿಗೆ ತಕ್ಕ ಕಜ್ಜಾಯ. ಆದರೆ ‘ಲಿಥಿಯಂ ಐರನ್ ಫಾಸ್ಫೇಟ್’ ಎಂದು ಬರೆದದ್ದನ್ನೇ ಕೊಳ್ಳಿ, ಒಳಗೆ ಸೆಲ್‌ಗಳನ್ನು ಕಾಯುವ ಬಿ.ಎಂ.ಎಸ್. ಸರ್ಕ್ಯೂಟ್ ಇದೆಯೇ ಕೇಳಿ. ಹಳೆಯ ಸ್ಕೂಟರಿನ ಸೆಲ್ ಕಿತ್ತು ಕಟ್ಟಿದ ಅಗ್ಗದ ಪೆಟ್ಟಿಗೆಯನ್ನು ಮನೆಯೊಳಗೆ ತರಬೇಡಿ. ನಿಮ್ಮ ಹಳೆಯ ಇನ್‌ವರ್ಟರಿನಲ್ಲಿ ಲಿಥಿಯಂ ಚಾರ್ಜಿಂಗ್ ಇಲ್ಲದಿದ್ದರೆ ಅದನ್ನೂ ಬದಲಿಸಬೇಕು, ಆ ಖರ್ಚನ್ನು ಈಗಲೇ ಕೂಡಿಸಿ. ಇದರ ವೋಲ್ಟು ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ. ಹಾಗಾಗಿ ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಊಹಿಸಬೇಡಿ.

ಬೇಲೆಕೇರಿ, ಹಾರವಾಡ, ಬೈತಖೋಲದ ಬೋಟಿನವರಿಗೆ ಬೇರೆ ಮಾತಿದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಗಾಣದ ಎತ್ತಲ್ಲ, ಕಂಬಳದ ಕೋಣ: ಒಂದು ಕ್ಷಣ ಜೋರಾಗಿ ಓಡುತ್ತದೆ, ರಾತ್ರಿಯಿಡೀ ದೀಪ, ಜಿ.ಪಿ.ಎಸ್., ವೈರ್‌ಲೆಸ್ ಎಳೆಯಲು ಹುಟ್ಟಿದ್ದಲ್ಲ. ಅವಕ್ಕೆ ಬೇರೆ ಬ್ಯಾಟರಿ ಇಡಿ. ಇಲ್ಲದಿದ್ದರೆ ಬಲೆ ಎಳೆದು ಹೊರಡುವ ಹೊತ್ತಿಗೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಅಲೆಗೆ ಬೋಟು ಹೊಯ್ದಾಡಿ ಆ್ಯಸಿಡ್ ಚೆಲ್ಲುವುದರಿಂದ ಸೀಲ್ ಮಾಡಿದ ಎ.ಜಿ.ಎಂ. ಅಥವಾ ಜೆಲ್ ಬ್ಯಾಟರಿ ಅಲ್ಲಿಗೆ ಒಳ್ಳೆಯದು, ಆದರೆ ಅದಕ್ಕೆ ಒಪ್ಪುವ ಚಾರ್ಜರ್ ಬೇಕು. ಉಪ್ಪು ಗಾಳಿಗೆ ಟರ್ಮಿನಲ್ಲಿನ ಮೇಲೆ ಏಳುವ ಕಿಲುಬನ್ನು ಒರೆಸಿ ವ್ಯಾಸಲೀನ್ ಸವರಿ. ಪ್ಲಸ್ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಸಮುದ್ರದ ನೀರು ಒಳಹೊಕ್ಕ ಲಿಥಿಯಂ ಬ್ಯಾಟರಿಯನ್ನು ಒಣಗಿಸಿ ಮತ್ತೆ ಚಾರ್ಜಿಗೆ ಇಡಬೇಡಿ.

ಇನ್ನು ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದ 61 ದಿನ ಬೋಟು ದಡದಲ್ಲಿ ನಿಲ್ಲುತ್ತದಲ್ಲ, ಬ್ಯಾಟರಿಯನ್ನು ಅದರಲ್ಲೇ ಬಿಟ್ಟು ಮನೆಗೆ ಬರುತ್ತೀರಿ. ಆಗಸ್ಟಿನಲ್ಲಿ ಸತ್ತ ಬ್ಯಾಟರಿ ಹಿಡಿದು ಕಂಪನಿಯನ್ನು ಬಯ್ಯುತ್ತೀರಿ. ತಪ್ಪು ಯಾರದು? ಕಳಚಿ ಮನೆಗೆ ತನ್ನಿ, ಪೂರ್ತಿ ಚಾರ್ಜ್ ಮಾಡಿ ಇಡಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ.

ಕ್ಯಾರವಾನ್ ಕಟ್ಟಿಕೊಂಡು ಗೋಕರ್ಣ, ಕಾರವಾರದ ದಂಡೆಗೆ ಬರುವ ಹುಡುಗರಿಗೆ ಒಂದೇ ಮಾತು. ಗಾಡಿಯ ಆಲ್ಟರ್ನೇಟರಿಗೆ ಲಿಥಿಯಂ ಬ್ಯಾಟರಿಯನ್ನು ನೇರ ಜೋಡಿಸಬೇಡಿ, ನಡುವೆ ಡಿ.ಸಿ.-ಡಿ.ಸಿ. ಚಾರ್ಜರ್ ಹಾಕಿಸಿ.

ಹೊಸದರ ಜೊತೆ ಹಳೆಯದನ್ನು, ಸೀಸದ ಜೊತೆ ಲಿಥಿಯಂ ಅನ್ನು ಒಂದೇ ಸಾಲಿಗೆ ಸೇರಿಸಬೇಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ, ಎರಡೂ ಹಾಳು. ಹಳೆಯ ಬ್ಯಾಟರಿಯನ್ನು ನಾಲ್ಕು ಕಾಸಿಗೆ ಗುಜರಿಯವರಿಗೆ ಕೊಟ್ಟು, ಅವರು ಆ್ಯಸಿಡ್ಡನ್ನು ಗದ್ದೆಯ ಬದಿಗೆ ಸುರಿಯುವಂತೆ ಮಾಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸು ಸಂಗ್ರಹಿಸುವ ಹೊಣೆ ತಯಾರಕರದ್ದು. ಹೊಸದನ್ನು ತರಲು ಹೋಗುವಾಗ ಹಳೆಯದನ್ನೂ ಜೊತೆಗೆ ಒಯ್ಯಿರಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಸಿಕೊಳ್ಳಿ.