ಚಿಂತೆಗೂ ಒಂದು ಖಾತೆ ಇರಲಿ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಭಕ್ತರಲ್ಲಿ ಒಕ್ಕಲಿಗರು ಮುಗಿಲನ್ನು ನಂಬಿದವರು. ವ್ಯಾಪಾರಸ್ಥರು ಆ ಒಕ್ಕಲಿಗರನ್ನು ನಂಬಿ ಉದ್ರಿ ಕೊಟ್ಟವರು. ಹಿಂಗಾರಿ ಜೋಳ ಒಣಗಿದರೆ, ದಾಳಿಂಬೆಗೆ ತೇಲ್ಯಾ ರೋಗ ಬಿದ್ದರೆ ಇಬ್ಬರ ಮನೆಯ ನಿದ್ದೆಯೂ ಕೂಡಿಯೇ ಹೋಗುತ್ತದೆ. ಆದ್ದರಿಂದ ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡ ವಿಷಯ ಚಿಂತೆ.

ಚಿಂತೆ ಬರುವುದು ಹೇಡಿತನವಲ್ಲ, ಭಕ್ತಿಯ ಕೊರತೆಯೂ ಅಲ್ಲ. ಕೇಡು ಹುಟ್ಟುವುದು ಲೆಕ್ಕಕ್ಕೆ ಸಿಗದ ಚಿಂತೆಯಿಂದ. "ಈ ಬೆಳೆ ಹೋಯಿತು" ಎಂಬ ಮಾತು ಬೆಳಗಾಗುವುದರೊಳಗೆ "ನನ್ನ ಬದುಕೇ ಹೋಯಿತು" ಎಂದಾಗುತ್ತದೆ. ಮೊದಲನೆಯದು ಅಸಲು, ಎರಡನೆಯದು ಮನಸ್ಸು ತಾನೇ ಏರಿಸಿದ ಬಡ್ಡಿ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ ಇಂಥ ವಿಚಾರವನ್ನು ತಡೆದು ನಿಲ್ಲಿಸಿ, "ಇದಕ್ಕೆ ಆಧಾರವೇನು?" ಎಂದು ಕೇಳಿಕೊಳ್ಳಲು ಕಲಿಸುತ್ತಾರೆ.

ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಈ ಒಣನೆಲದಲ್ಲಿಯೇ ಕೆರೆ ಕಟ್ಟಿಸಿದರು. ಮಳೆ ತರಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಮಣ್ಣು ಹೊತ್ತು ಏರಿ ಹಾಕುವುದು ಕೈಯಲ್ಲಿತ್ತು. ಕೈಯಲ್ಲಿದ್ದುದನ್ನು ಹಿಡಿದು ಮಾಡುವುದೇ ಕಾಯಕ.

ಈ ತಿಂಗಳ ಅಭ್ಯಾಸ

1. ಸಂಜೆಯ ಲಿಂಗಪೂಜೆಗೆ ಮೊದಲು ಕಾಲು ತಾಸು ಕುಳಿತು ಚಿಂತೆಗಳನ್ನು ಬರೆಯಬೇಕು. ಹಾಳೆಯ ಎಡಕ್ಕೆ ಕೈಯಲ್ಲಿರುವುದು, ಬಲಕ್ಕೆ ಕೈಮೀರಿದ್ದು. ಮಳೆ, ಪೇಟೆಯ ಧಾರಣೆ ಬಲಕ್ಕೆ. ಬ್ಯಾಂಕಿಗೆ ಹೋಗಿ ಕಂತಿನ ಮಾತಾಡುವುದು, ವಿಮೆಯ ಕಾಗದ ಕೊಡುವುದು, ಉದ್ರಿಯವರನ್ನು ಕಾಣುವುದು ಎಡಕ್ಕೆ.

2. ಎಡಗಡೆಯಿಂದ ಒಂದೇ ಕೆಲಸವನ್ನು ನಾಳೆಗೆ ಗೊತ್ತುಮಾಡಬೇಕು. ಮನಸ್ಸು ಹಗುರಾದ ಮೇಲೆ ಮಾಡಿದರಾಯಿತೆಂದು ಕಾಯಬಾರದು. ಕೆಲಸ ಹಿಡಿದ ಮೇಲೆಯೇ ಎಷ್ಟೋ ಸಲ ಮನಸ್ಸು ಹಗುರಾಗುತ್ತದೆ.

3. ಸಾಲದ ನಿಜವಾದ ಮೊತ್ತವನ್ನು ಮಡದಿಗೆ ಹೇಳಬೇಕು. ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಿದ್ದಿದವರು ಮಡದಿ ಆಯ್ದಕ್ಕಿ ಲಕ್ಕಮ್ಮನವರು. ಹೆಂಡತಿಯ ಮಾತಿಗೆ ಬೆಲೆ ಕೊಟ್ಟ ಪರಂಪರೆ ನಮ್ಮದು. ಅವಳಿಂದ ಸಾಲ ಬಚ್ಚಿಡುವುದರಲ್ಲಿ ಮರ್ಯಾದೆಯೇನೂ ಉಳಿಯುವುದಿಲ್ಲ.

ಇನ್ನೊಂದು ಮಾತನ್ನು ಮನೆಯವರೆಲ್ಲ ನೆನಪಿಡಬೇಕು. ಎರಡು ವಾರ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದಿದ್ದರೆ ಬರೆದಿಡುವುದಷ್ಟೇ ಸಾಲದು, ವೈದ್ಯರನ್ನು ಕಾಣಬೇಕು. "ನಾನು ಇದ್ದು ಏನು ಫಲ" ಎಂಬ ಮಾತು ಬಾಯಿಂದ ಬಂದರೆ ಒಂದು ದಿನವೂ ತಡಮಾಡಬಾರದು. "ಜೀವ ಕಳೆದುಕೊಳ್ಳುವ ವಿಚಾರ ಬಂದಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ, ಒಳಗಿದ್ದುದು ಹೊರಬರುತ್ತದೆ. ಬೆಳೆಗೆ ಹೊಡೆಯುವ ಔಷಧವನ್ನು ಕೀಲಿ ಹಾಕಿ ಇಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ. ಕೇಂದ್ರ ಸರಕಾರ 2022ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಖರ್ಚಿಲ್ಲದೆ ಮಾತಾಡಬಹುದು.

ಕಲ್ಯಾಣದ ಅನುಭವ ಮಂಟಪದಲ್ಲಿ ಶರಣರು ತಮ್ಮ ಮನದ ಅನುಭವವನ್ನು ಹತ್ತು ಜನರ ಮುಂದಿಟ್ಟು ತೂಗಿ ನೋಡಿದರು. ನಾವೂ ನಮ್ಮ ಅಳಲನ್ನು ಒಬ್ಬರ ಮುಂದಾದರೂ ಇಡೋಣ. ಸಾಲ ಇಂದಲ್ಲ ನಾಳೆ ತೀರೀತು. ಹೋದ ಜೀವ ಮರಳದು.