ಹಿತ್ತಲ ಕೈತೋಟ: ವರ್ಷವಿಡೀ ಸೊಪ್ಪು

ಮಕ್ಕಳ ಸಂಖ್ಯೆಯನ್ನು ಮಿತಗೊಳಿಸಿದ ಮಾತ್ರಕ್ಕೆ ಕುಟುಂಬದ ಕಲ್ಯಾಣ ಪೂರ್ಣವಾಗುವುದಿಲ್ಲ. ಹೆತ್ತ ತಾಯಿ ಆರೋಗ್ಯವಂತಳಾಗಿರಬೇಕು. ಹುಟ್ಟಿದ ಮಗು ಪುಷ್ಟಿಯಾಗಿ ಬೆಳೆಯಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ರಕ್ತ ಕಡಿಮೆಯಿರುವ ಗರ್ಭಿಣಿಯು ಹೆರಿಗೆಯ ವೇಳೆ ಆಗುವ ರಕ್ತಸ್ರಾವವನ್ನು ತಾಳಲಾರಳು; ಮಗುವೂ ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಸೊಪ್ಪು ತಿನ್ನಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮಳೆಗಾಲದಲ್ಲಿ ಹೇರಳವಾಗಿ ಸಿಗುವ ಸೊಪ್ಪು ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಣಸಿಗುವುದಿಲ್ಲ. ಗರ್ಭವು ಋತುವನ್ನು ಕಾಯುವುದಿಲ್ಲ. ಆದುದರಿಂದ ಸೊಪ್ಪಿಲ್ಲದ ವಾರ ಒಂದೂ ಇರಬಾರದೆಂಬುದೇ ಕೈತೋಟದ ಗುರಿಯಾಗಿರಬೇಕು.

ನಾಲ್ಕು ಮಡಿಗಳ ಕ್ರಮ

ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ನಾಲ್ಕು ಮಡಿಗಳನ್ನು ಮಾಡಿಕೊಳ್ಳಿ. ಪ್ರತಿಯೊಂದಕ್ಕೂ ಎರಡು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿರಿ. ಒಂದು ಟೀ ಚಮಚ ದಂಟಿನ ಬೀಜವನ್ನು ಎರಡು ಹಿಡಿ ಮರಳಿನೊಡನೆ ಕಲಸಿ ಮೊದಲನೆಯ ಮಡಿಗೆ ಸಮನಾಗಿ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ, ಹೂಜರಡಿಯಿಂದ ನೀರು ಕೊಡಿ. ಎರಡನೆಯ ಮಡಿಗೆ ಮುಂದಿನ ವಾರ, ಮೂರನೆಯದಕ್ಕೆ ಅದರ ಮುಂದಿನ ವಾರ ಬಿತ್ತಿರಿ. ನಾಲ್ಕನೆಯದನ್ನು ಬಿತ್ತಿದ ಮುಂದಿನ ವಾರಕ್ಕೆ ಮೊದಲನೆಯ ಮಡಿಯ ಸೊಪ್ಪು ಕೊಯ್ಲಿಗೆ ಬಂದಿರುತ್ತದೆ. ಕಿತ್ತ ಮಡಿಗೆ ಅದೇ ವಾರ ಗೊಬ್ಬರ ಹಾಕಿ ಮತ್ತೆ ಬಿತ್ತಬೇಕು. ಒಳ್ಳೆಯ ಆರೈಕೆಯಿದ್ದರೆ ಒಂದು ಮಡಿಯಿಂದ ಎರಡು ಮೂರು ಕಿಲೋ ಸೊಪ್ಪು ದೊರೆಯುತ್ತದೆ. ದಿನಕ್ಕೆ ತಲೆಗೆ ಸುಮಾರು 100 ಗ್ರಾಂನಂತೆ ನಾಲ್ವರ ಕುಟುಂಬಕ್ಕೆ ಇದು ಹೆಚ್ಚುಕಡಿಮೆ ಒಂದು ವಾರಕ್ಕಾಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ತಳಿಯನ್ನು ಬಿತ್ತಿದರೆ, ಕೀಳದೆ ಕತ್ತರಿಸಿ ಹಲವು ಬಾರಿ ಕೊಯ್ಯಬಹುದು.

ಋತುವಿಗೆ ತಕ್ಕ ಬೆಳೆ

ಇಲ್ಲಿ ಹೇಳಿರುವ ಕಾಲಕ್ರಮವು ಬೆಂಗಳೂರಿನ ದಕ್ಷಿಣದಲ್ಲಿರುವ ಪುಟ್ಟೇನಹಳ್ಳಿಯ ಸುತ್ತಿನ ಕೆಂಪು ಮಣ್ಣಿಗೆ ಹಾಗೂ ಹವೆಗೆ ಹೊಂದುವಂಥದು. ಇಲ್ಲಿ ವರ್ಷಕ್ಕೆ ಸರಾಸರಿ ಸುಮಾರು 97 ಸೆಂಟಿಮೀಟರ್ ಮಳೆಯಾಗುತ್ತದೆ. ಸೆಪ್ಟೆಂಬರ್ ತಿಂಗಳಲ್ಲಿ ಅತಿ ಹೆಚ್ಚು. ಬೇರೆಡೆಯವರು ತಮ್ಮೂರಿನ ಮಳೆಗನುಸಾರವಾಗಿ ಹೊಂದಿಸಿಕೊಳ್ಳಬೇಕು.

ಮಳೆಗಾಲ (ಜೂನ್–ಸೆಪ್ಟೆಂಬರ್): ಮಡಿಗಳನ್ನು ಅರ್ಧ ಅಡಿ ಏರಿಸಿ, ನೀರು ಬಸಿದುಹೋಗುವಂತೆ ಮಾಡಿ. ಜೂನ್ ತಿಂಗಳಲ್ಲಿ ಹೀರೆ, ಸೋರೆ, ಕುಂಬಳವನ್ನು ಬೇಲಿಯ ಬದಿಗೆ ಬಿತ್ತಿರಿ. ಬೆಂಡೆ, ಅಲಸಂದೆಗೂ ಇದು ಸಕಾಲ. ನಾಟಿ ಅವರೆಯನ್ನು ಜುಲೈ–ಆಗಸ್ಟ್‌ನಲ್ಲಿ ಹಾಕಬೇಕು. ಹಗಲು ಮೊಟಕಾದಾಗಲಷ್ಟೇ ಅದು ಹೂ ಬಿಡುವುದರಿಂದ, ಮೊದಲೇ ಬಿತ್ತಿದರೆ ಬಳ್ಳಿ ಬೆಳೆಯುವುದೇ ಹೊರತು ಕಾಯಿ ಬೇಗ ಬಾರದು. ಬೇಸಿಗೆಗಾಗಿ ನಡುವ ನುಗ್ಗೆ, ಚಕ್ರಮುನಿ, ಬಸಳೆಗಳು ಈಗಲೇ ಬೇರೂರಬೇಕು.

ಚಳಿಗಾಲ (ಅಕ್ಟೋಬರ್–ಜನವರಿ): ಮೆಂತ್ಯ, ಪಾಲಕ್, ಸಬ್ಬಸಿಗೆ, ಕೊತ್ತಂಬರಿಗಳಿಗೆ ಇದು ಅತ್ಯುತ್ತಮ ಕಾಲ. ದಂಟಿನ ಎರಡು ಮಡಿಗಳನ್ನು ಇವುಗಳಿಗೆ ಬಿಟ್ಟುಕೊಡಬಹುದು. ಮೂಲಂಗಿ, ಕ್ಯಾರೆಟ್, ಟೊಮೇಟೊ, ಹುರುಳಿಕಾಯಿಗಳೂ ಚೆನ್ನಾಗಿ ಬರುತ್ತವೆ. ಮೂಲಂಗಿಯ ಸೊಪ್ಪನ್ನು ಬಿಸಾಡದೆ ಪಲ್ಯ ಮಾಡಿರಿ.

ಬೇಸಿಗೆ (ಫೆಬ್ರವರಿ–ಮೇ): ಇದೇ ಪರೀಕ್ಷೆಯ ಕಾಲ. ನೀರು ಸಾಲದಿದ್ದರೆ ಎರಡು ಮಡಿಗಳನ್ನು ಮಾತ್ರ ಉಳಿಸಿಕೊಂಡು, ಬೆಳೆದ ಗಿಡಗಳ ಬುಡಕ್ಕೆ ಒಣಹುಲ್ಲು ಅಥವಾ ತರಗೆಲೆ ಹೊದಿಸಿ, ಸಂಜೆಯ ಹೊತ್ತು ನೀರು ಕೊಡಿ. ಉಳಿದ ಕೊರತೆಯನ್ನು ನುಗ್ಗೆ ತುಂಬುತ್ತದೆ. ಗಿಡ ಮೂರಡಿ ಎತ್ತರವಾದಾಗ ತುದಿಯನ್ನು ಚಿವುಟಿದರೆ ಕೊಂಬೆಗಳೊಡೆದು ಸೊಪ್ಪು ಕೈಗೆಟಕುತ್ತದೆ. ಕಬ್ಬಿಣಾಂಶವನ್ನೂ ಎ ಜೀವಸತ್ವಕ್ಕೆ ಬೇಕಾದ ಅಂಶವನ್ನೂ ಹೇರಳವಾಗಿ ಕೊಡುವ ಈ ಮರ ಹಿತ್ತಲಲ್ಲಿ ಒಂದಾದರೂ ಇರಲೇಬೇಕು.

ಸ್ಥಳ ಕಡಿಮೆಯಿದ್ದಲ್ಲಿ

ಹಿಂದೆ ಹಳ್ಳಿಯಾಗಿದ್ದ ಪುಟ್ಟೇನಹಳ್ಳಿ ಇಂದು ಜೆ.ಪಿ. ನಗರದ 7ನೇ ಹಂತದ ಮನೆಗಳ ನಡುವೆ ಸೇರಿಹೋಗಿದೆ. ಅಲ್ಲಿಯ ಸುಮಾರು 13 ಎಕರೆಯ ಕೆರೆಯನ್ನು ಉಳಿಸಿಕೊಳ್ಳಲು ನಿವಾಸಿಗಳೇ 2010ರಲ್ಲಿ ಸಂಸ್ಥೆ ಕಟ್ಟಬೇಕಾಯಿತು. ಪಟ್ಟಣ ಬೆಳೆದಂತೆ ಅನೇಕ ಹಳ್ಳಿಗಳ ಹಿತ್ತಲುಗಳು ಹೀಗೆಯೇ ಕಿರಿದಾಗುತ್ತಿವೆ. ಮಡಿಗೆ ಜಾಗವಿಲ್ಲದವರು ತಳಕ್ಕೆ ತೂತಿಟ್ಟ ಹಳೆಯ ಚೀಲ, ಡಬ್ಬ, ಒಡೆದ ಬಾನಿಗಳಲ್ಲಿ ಮೆಂತ್ಯ ಮತ್ತು ದಂಟನ್ನು ಬೆಳೆಯಬಹುದು. ಬಸಳೆ ಬಳ್ಳಿಗೆ ಒಂದು ಡಬ್ಬ, ಮೂರು ಕೋಲು ಸಾಕು.

ತೋಟದಲ್ಲಿ ಆರೋಗ್ಯದ ಎಚ್ಚರಿಕೆ

1. ತೋಟಕ್ಕೆ ಬರಿಗಾಲಿನಲ್ಲಿ ಹೋಗಬಾರದು. ಮಲ ಬಿದ್ದ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮದ ಮೂಲಕ ದೇಹವನ್ನು ಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಸೊಪ್ಪು ಕೊಟ್ಟ ರಕ್ತವನ್ನು ಹುಳುವಿಗೆ ಒಪ್ಪಿಸಿದಂತಾಗಬಾರದು.

2. ಬಚ್ಚಲ ನೀರನ್ನು ಬಾಳೆ, ನುಗ್ಗೆಯ ಬುಡಕ್ಕೆ ಹರಿಸಿರಿ. ಸೊಪ್ಪಿನ ಮಡಿಗೆ ಬಿಡಬೇಡಿ. ನೀರು ಎಲ್ಲಿಯೂ ನಿಲ್ಲಬಾರದು. ತೊಟ್ಟಿ, ಪೀಪಾಯಿಗಳನ್ನು ಮುಚ್ಚಿಡಿ; ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿರಿ. ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ಮನೆಯಂಗಳವೇ ತವರಾಗುತ್ತದೆ.

3. ಸೊಪ್ಪಿಗೆ ವಿಷದ ಔಷಧ ಸಿಂಪಡಿಸಬೇಡಿ. ಬೇವಿನ ಬೀಜದ ಪುಡಿ 50 ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಬೆರೆಸಿ ಸಿಂಪಡಿಸಿ. ಕೊಯ್ದ ಸೊಪ್ಪನ್ನು ಚೆನ್ನಾಗಿ ತೊಳೆದು ಬಳಸಿರಿ.

4. ಗುದ್ದಲಿ, ಮುಳ್ಳಿನಿಂದ ಗಾಯವಾದರೆ ಸಾಬೂನಿನಿಂದ ತೊಳೆದು, ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.

ಮಡಿಯಿಂದ ತಟ್ಟೆಗೆ

ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ, ಸ್ವಲ್ಪವೇ ನೀರಿನಲ್ಲಿ ಮುಚ್ಚಿ ಬೇಯಿಸಿ. ಬೆಂದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ. ಒಗ್ಗರಣೆಯ ಎಣ್ಣೆಯಿಂದ ಎ ಜೀವಸತ್ವವೂ, ನಿಂಬೆ ಅಥವಾ ನೆಲ್ಲಿಕಾಯಿಯಿಂದ ಕಬ್ಬಿಣಾಂಶವೂ ಮೈಗೆ ಚೆನ್ನಾಗಿ ಹತ್ತುತ್ತವೆ. ಊಟದೊಡನೆ ಕಾಫಿ, ಟೀ ಕುಡಿಯುವುದರಿಂದ ಆ ಕಬ್ಬಿಣಾಂಶ ವ್ಯರ್ಥವಾಗುತ್ತದೆ.

ಬಾಣಂತಿಗೆ ಸೊಪ್ಪು ನಂಜೆಂದು ಅನೇಕ ಮನೆಗಳಲ್ಲಿ ಕೊಡುವುದಿಲ್ಲ. ಹಾಲು ಹೆಚ್ಚಲೆಂದು ಸಬ್ಬಸಿಗೆಯನ್ನು ಕೊಡುವ ಹಿರಿಯರು ದಂಟನ್ನೂ ನುಗ್ಗೆಯನ್ನೂ ನಿಷೇಧಿಸಲು ಕಾರಣವಿಲ್ಲ. ಚೆನ್ನಾಗಿ ಬೇಯಿಸಿದ ಸೊಪ್ಪಿನಿಂದ ಆಕೆಗೆ ಹಿತವೇ ಆಗುತ್ತದೆ.

ಆದರೆ ಸೊಪ್ಪು ಮಾತ್ರೆಯ ಬದಲಿಯಲ್ಲ. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸೇವಿಸತಕ್ಕದ್ದು. ಹೀಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಅಗತ್ಯ. ಒಂದು ಹೆರಿಗೆಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿದ್ದರೆ ತಾಯಿ ಕಳೆದುಕೊಂಡ ರಕ್ತವನ್ನು ಮರಳಿ ಪಡೆಯಲು ಅವಕಾಶವಾಗುತ್ತದೆ.

ಕೊನೆಯದಾಗಿ ಪತಿಯಾದವರಿಗೆ ಒಂದು ಮಾತು. ಮಡಿ ಅಗೆಯುವುದರಲ್ಲಿಯೂ ನೀರು ಹೊರುವುದರಲ್ಲಿಯೂ ನೀವು ಪಾಲುಗಾರರಾಗಬೇಕು. ಎಲ್ಲರೂ ಉಂಡು ಮಿಕ್ಕದ್ದನ್ನು ಉಣ್ಣುವ ಗೃಹಿಣಿಗೆ ಪಾತ್ರೆಯ ತಳದ ಸಾರಷ್ಟೇ ಸಿಗುವುದಾದರೆ, ಕೈತೋಟ ಎಷ್ಟು ಹಸಿರಾಗಿದ್ದರೂ ಫಲವಿಲ್ಲ. ಬಡಿಸುವ ಮೊದಲೇ ಆಕೆಯ ಪಾಲಿನ ಪಲ್ಯವನ್ನು ತೆಗೆದಿಡಿ; ಇಬ್ಬರೂ ಒಟ್ಟಿಗೆ ಕುಳಿತು ಊಟ ಮಾಡಿರಿ.