ಬಿಚ್ಚಿ ಕಟ್ಟಿದ ಎಂಜಿನು ಚಾಲೂ ಆಗದಿದ್ದಾಗ

ಮುಂಗಾರು ಕಾಲಿಡುವ ಮೊದಲು ಅಡಿಕೆ ಗೊನೆಗಳಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಬೀಳಬೇಕು. ಅನಂತರ 40–45 ದಿನಗಳಿಗೊಮ್ಮೆ, ಮಳೆ ಬಿಡುವು ಕೊಟ್ಟಾಗ, ಮತ್ತೆ ಬೀಳಬೇಕು. ಕೆನಡಾದಿಂದ ಬಂದು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಕುರಿತು ಬರೆದಾಗಿನಿಂದ ಈ ಮಾತು ನಮ್ಮ ತೋಟಗಳಲ್ಲಿ ನಡೆದುಬಂದಿದೆ. ದೊಡ್ಡಗದ್ದವಳ್ಳಿಯ ಸುತ್ತ ಸಕಲೇಶಪುರದಷ್ಟು ಮಳೆ ಬೀಳದಿದ್ದರೂ ಬಿಸಿಲಿನ ಬಿಡುವು ನಮಗೂ ಎರಡು ಮೂರು ದಿನಕ್ಕಿಂತ ಹೆಚ್ಚು ಸಿಗುವುದಿಲ್ಲ. ಆ ದಿನಗಳಲ್ಲೇ ಸಿಂಪಡಣೆಯ ಎಂಜಿನು ಮುಷ್ಕರ ಹೂಡಿದರೆ ಕಲಸಿಟ್ಟ ಮದ್ದು ಕೆಡುತ್ತದೆ, ಕರೆಸಿದ ಆಳುಗಳಿಗೆ ಕೂಲಿ ಕೊಡಬೇಕಾಗುತ್ತದೆ, ಕೊನೆಗೆ ಗೊನೆಯೇ ಕೈಬಿಡುತ್ತದೆ.

ಈಚೆಗೆ ಸಂಘದ ಕಚೇರಿಗೆ ಬರುವ ದೂರುಗಳಲ್ಲಿ ಒಂದು ಬಗೆಯದು ಪದೇ ಪದೇ ಕೇಳಿಬರುತ್ತಿದೆ: “ಎಂಜಿನು ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದೆವು. ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಯಿತು, ಒಂದು ಸದ್ದಿಲ್ಲ.” ಹೊರದೇಶಗಳಲ್ಲಿ ಹುಲ್ಲುಹಾಸು ಕತ್ತರಿಸುವ ಯಂತ್ರಕ್ಕೆ ಇರುವ ಎಂಜಿನಿಗೂ ನಮ್ಮ ಪವರ್ ಸ್ಪ್ರೇಯರಿನ ಎಂಜಿನಿಗೂ ತತ್ವದಲ್ಲಿ ಭೇದವಿಲ್ಲ, ತೊಂದರೆಯೂ ಒಂದೇ, ಪರೀಕ್ಷೆಯೂ ಒಂದೇ. ಈ ಪಾಠದಲ್ಲಿ ಕೊಟ್ಟಿರುವ ಅಳತೆಗಳು ಹೊಂಡಾ ಜಿಎಕ್ಸ್ 160 ಎಂಬ, 163 ಘನ ಸೆಂಟಿಮೀಟರಿನ ನಾಲ್ಕು ಹೊಡೆತದ ಪೆಟ್ರೋಲ್ ಎಂಜಿನಿನವು. ಬೇರೆ ಎಂಜಿನು ಉಳ್ಳವರು ತಮ್ಮ ಕೈಪಿಡಿಯ ಅಳತೆಯನ್ನು ಅನುಸರಿಸತಕ್ಕದ್ದು. ಕ್ರಮ ಮಾತ್ರ ಇದೇ.

ಮೊದಲು ತಿಳಿಯಬೇಕಾದ ಮಾತು

ಓಡುತ್ತಿದ್ದು ನಿಂತ ಎಂಜಿನು ಬೇರೆ, ಬಿಚ್ಚಿ ಕಟ್ಟಿದ ಮೇಲೆ ಒಮ್ಮೆಯೂ ಓಡದ ಎಂಜಿನು ಬೇರೆ. ಮೊದಲನೆಯದರಲ್ಲಿ ಯಾವುದೋ ಭಾಗ ಸವೆದಿರುತ್ತದೆ ಇಲ್ಲವೆ ಕಟ್ಟಿರುತ್ತದೆ. ಎರಡನೆಯದರಲ್ಲಿ ದೋಷವು ಬಹುಮಟ್ಟಿಗೆ ಕೈಯಾಡಿದ ಜಾಗದಲ್ಲೇ ಇರುತ್ತದೆ. ಆದುದರಿಂದ ಹೊಸ ಸಾಮಾನು ಕೊಳ್ಳಲು ಪೇಟೆಗೆ ಓಡುವ ಮೊದಲು ಯಾವ ಯಾವ ಭಾಗ ಬಿಚ್ಚಲಾಗಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಪರೀಕ್ಷೆಯ ಕಾಲಕ್ಕೆ ಆ ಚೀಟಿಯೇ ದಾರಿ ತೋರಿಸುತ್ತದೆ.

ಎಂಜಿನು ಹತ್ತಬೇಕಾದರೆ ಮೂರು ಬೇಕು: ಸರಿಯಾದ ಗಳಿಗೆಗೆ ಕಿಡಿ, ಹದವಾದ ಪೆಟ್ರೋಲು–ಗಾಳಿ, ಸಿಲಿಂಡರಿನೊಳಗೆ ಒತ್ತಡ. ಈ ಮೂರನ್ನು ಬಿಟ್ಟು ನಾಲ್ಕನೆಯ ಕಾರಣವಿಲ್ಲ. ಸುಲಭವಾದುದನ್ನು ಮೊದಲು, ಬಿಚ್ಚಬೇಕಾದುದನ್ನು ಕೊನೆಗೆ ನೋಡುವುದೇ ಜಾಣತನ.

1. ಸ್ಪ್ಯಾನರ್ ಹಿಡಿಯುವ ಮೊದಲು

ಸ್ವಿಚ್ಚು, ಪೆಟ್ರೋಲ್ ಕಾಕ್, ಚೋಕು ಇವನ್ನು ನೋಡಿರಿ. ಬಳಿಕ ಎಣ್ಣೆ ನೋಡಿರಿ. ಈ ಬಗೆಯ ಅನೇಕ ಎಂಜಿನುಗಳಲ್ಲಿ ಎಣ್ಣೆ ಕಡಿಮೆಯಾದರೆ ಕಿಡಿಯನ್ನೇ ತಡೆದುಬಿಡುವ ಒಂದು ಕಾವಲು ಸ್ವಿಚ್ಚು ಒಳಗಿರುತ್ತದೆ. ಬಿಚ್ಚುವಾಗ ಎಣ್ಣೆ ಸುರಿದಿರುತ್ತಾರೆ. ಕಟ್ಟಿದ ಮೇಲೆ ಅಳತೆಗೆ ತುಂಬಿರುವುದಿಲ್ಲ. ಜಿಎಕ್ಸ್ 160ಕ್ಕೆ ಬೇಕಾದುದು ಸುಮಾರು 0.6 ಲೀಟರು. ಎಣ್ಣೆ ಸರಿಯಿದ್ದರೂ ಯಂತ್ರವನ್ನು ತೋಟದ ಇಳಿಜಾರಿನಲ್ಲಿ ಇಟ್ಟು ಹಗ್ಗ ಎಳೆದರೆ ಎಣ್ಣೆ ಒಂದು ಕಡೆಗೆ ಸರಿದು ಅದೇ ಸ್ವಿಚ್ಚು ಅಡ್ಡ ಬರುತ್ತದೆ. ಸಮತಟ್ಟಾದ ನೆಲಕ್ಕೆ ತಂದು ಪರೀಕ್ಷಿಸಿರಿ.

2. ಪ್ಲಗ್ ಹೇಳುವ ಸಾಕ್ಷಿ

ಚೋಕು ಮುಚ್ಚಿ ಐದಾರು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ ನೋಡಿರಿ. ತುದಿ ಒಣಗಿದ್ದರೆ ಪೆಟ್ರೋಲು ಒಳಗೆ ಹೋಗುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಕಿಡಿ, ಒತ್ತಡ, ಗಳಿಗೆ ಈ ಮೂರರಲ್ಲಿ ಒಂದು ತಪ್ಪಿದೆ. ತೀರ ತೊಯ್ದಿದ್ದರೆ ಚೋಕು ತೆರೆದು, ಸ್ವಿಚ್ಚು ಆರಿಸಿ, ಪ್ಲಗ್ ಇಲ್ಲದೆ ಹತ್ತು ಸಲ ಹಗ್ಗ ಎಳೆದು ಒಳಗಿನ ಪೆಟ್ರೋಲನ್ನು ಹೊರಹಾಕಿ ಒಣಗಲು ಬಿಡಿರಿ.

3. ಕಿಡಿ

ಪ್ಲಗ್ಗಿನ ಸಂದು 0.7ರಿಂದ 0.8 ಮಿಲಿಮೀಟರು ಇರಬೇಕು. ಕಿಡಿ ನೋಡುವ ಮೊದಲು ಚೆಲ್ಲಿದ ಪೆಟ್ರೋಲನ್ನು ಒರಸಿ, ಕ್ಯಾನು ದೂರವಿಡಿರಿ. ಪ್ಲಗ್ಗನ್ನು ಅದರ ರಂಧ್ರದಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಿರಿ. ನೀಲಿ ಕಿಡಿ ಚಟಪಟ ಹಾರಿದರೆ ಮುಂದಿನ ಪರೀಕ್ಷೆಗೆ ಹೋಗಿರಿ.

ಕಿಡಿ ಇಲ್ಲದಿದ್ದರೆ ಕೂಡಲೇ ಕಾಯಿಲ್ ಬದಲಿಸಬೇಡಿ. ಕಾಯಿಲಿನಿಂದ ಸ್ವಿಚ್ಚಿಗೆ ಹೋಗುವ ತೆಳು ವಯರನ್ನು ಬಿಡಿಸಿ ಮತ್ತೊಮ್ಮೆ ನೋಡಿರಿ. ಈಗ ಕಿಡಿ ಬಂದರೆ ಕಾಯಿಲ್ ಗಟ್ಟಿಯಾಗಿದೆ. ದೋಷ ಸ್ವಿಚ್ಚಿನಲ್ಲಿ, ಎಣ್ಣೆಯ ಕಾವಲು ಸ್ವಿಚ್ಚಿನಲ್ಲಿ, ಇಲ್ಲವೆ ಮೇಲ್ಮುಚ್ಚಳದ ಕೆಳಗೆ ಸಿಕ್ಕಿ ಜಜ್ಜಿದ ವಯರಿನಲ್ಲಿ ಇರುತ್ತದೆ. ಮೈಲುತುತ್ತದ ನೀರು ಬಿದ್ದು ಸ್ವಿಚ್ಚಿನೊಳಗೆ ಹಸಿರು ಕಟ್ಟಿರುವುದೂ ನಮ್ಮ ಕಡೆ ಸಾಮಾನ್ಯ. ಆಗಲೂ ಕಿಡಿ ಬಾರದಿದ್ದರೆ ಕಾಯಿಲಿಗೂ ಫ್ಲೈವ್ಹೀಲಿಗೂ ನಡುವಣ ಸಂದು ನೋಡಿರಿ. ಅದು 0.4 ಮಿಲಿಮೀಟರು, 0.2 ಹೆಚ್ಚುಕಡಿಮೆ ಆಗಬಹುದು. ಅಯಸ್ಕಾಂತದ ಮೇಲಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿರಿ. ಇಷ್ಟಾದರೂ ಕಿಡಿ ಇಲ್ಲವೆಂದರೆ ಮಾತ್ರ ಕಾಯಿಲ್ ಬದಲಿಸಬಹುದು.

4. ಪೆಟ್ರೋಲು

ಪ್ಲಗ್ ರಂಧ್ರದಲ್ಲಿ ನಾಲ್ಕೈದು ತೊಟ್ಟು ಹೊಸ ಪೆಟ್ರೋಲು ಹಾಕಿ, ಪ್ಲಗ್ ಕೂರಿಸಿ, ಹಗ್ಗ ಎಳೆಯಿರಿ. ಎಂಜಿನು ಎರಡು ಮೂರು ಸಲ ಕೆಮ್ಮಿ ನಿಂತರೆ ಕಿಡಿ, ಒತ್ತಡ, ಗಳಿಗೆ ಮೂರೂ ಸರಿ. ತಪ್ಪು ಪೆಟ್ರೋಲಿನ ದಾರಿಯಲ್ಲಿದೆ. ಕಾರ್ಬೊರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಪೆಟ್ರೋಲು ಧಾರೆಯಾಗಿ ಬಂದರೆ ಜೆಟ್ಟು ಕಟ್ಟಿದೆ. ಬಾರದಿದ್ದರೆ ಟ್ಯಾಂಕಿನ ಜಾಲರಿ, ಕೊಳವೆ ಇಲ್ಲವೆ ಫ್ಲೋಟಿನ ಸೂಜಿ ಕಟ್ಟಿದೆ. ಕಾರ್ಬೊರೇಟರಿನ ಹಿಂದಿನ ಗ್ಯಾಸ್ಕೆಟ್ಟುಗಳನ್ನೂ ನೋಡಿರಿ. ಕಟ್ಟುವಾಗ ಅವು ತಿರುಗುಮುರುಗಾಗಿದ್ದರೆ ರಂಧ್ರಕ್ಕೆ ರಂಧ್ರ ಕೂಡುವುದಿಲ್ಲ. ಹರಿದಿದ್ದರೆ ಬೇಡದ ಗಾಳಿ ನುಗ್ಗುತ್ತದೆ.

ಇಲ್ಲಿ ಪೆಟ್ರೋಲಿನ ವಿಷಯ ಒಂದು ಮಾತು. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಬೆಂಗಳೂರಿನಲ್ಲಿ 2023ರ ಫೆಬ್ರವರಿ 6ರಂದು ಚಾಲನೆ ದೊರೆಯಿತು. ಅಲ್ಲಿಂದ ಈಚೆಗೆ ಅದು ದೇಶದಾದ್ಯಂತ ಹರಡಿದೆ. ಎಥನಾಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಮಳೆಗಾಲದ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರಿನೊಡನೆ ಕೂಡಿ ತಳಕ್ಕಿಳಿಯುತ್ತದೆ, ಬಟ್ಟಲಿನಲ್ಲಿ ತುಕ್ಕು ಎಬ್ಬಿಸುತ್ತದೆ, ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುತ್ತದೆ. ಎಂಜಿನು ಎರಡು ತಿಂಗಳು ಕಾರ್ಖಾನೆಯಲ್ಲಿ ಬಿದ್ದಿದ್ದರೆ ಹಳೆಯ ಪೆಟ್ರೋಲನ್ನು ಪೂರ್ತಿ ಚೆಲ್ಲಿ, ಹೊಸದನ್ನು ತುಂಬಿಯೇ ಪರೀಕ್ಷೆ ನಡೆಸಿರಿ.

5. ಒತ್ತಡ

ಹಗ್ಗ ಎಳೆದಾಗ ಬಿಗಿ ಸಿಗಲಿಲ್ಲವೆಂದ ಮಾತ್ರಕ್ಕೆ ಒತ್ತಡವಿಲ್ಲವೆಂದು ತೀರ್ಮಾನಿಸಬಾರದು. ಎಳೆಯುವುದು ಹಗುರವಾಗಲೆಂದು ಕ್ಯಾಮಿನಲ್ಲಿ ಒಂದು ಏರ್ಪಾಡು ಇದ್ದು, ನಿಧಾನವಾಗಿ ತಿರುಗುವಾಗ ಎಕ್ಸಾಸ್ಟ್ ವಾಲ್ವನ್ನು ಅದು ತುಸು ಎತ್ತಿ ಹಿಡಿಯುತ್ತದೆ.

ಮೊದಲು ವಾಲ್ವಿನ ಮುಚ್ಚಳ ತೆಗೆದು ಪುಷ್ ರಾಡುಗಳು ತಮ್ಮ ಕುಳಿಯಲ್ಲಿ ಕೂತಿವೆಯೇ ನೋಡಿರಿ. ಬಳಿಕ, ಎಂಜಿನು ತಣ್ಣಗಿರುವಾಗ, ಪಿಸ್ಟನ್ನನ್ನು ಒತ್ತಡದ ಹೊಡೆತದ ತುದಿಗೆ ತಂದು ಟ್ಯಾಪೆಟ್ ಸಂದನ್ನು ಅಳೆಯಿರಿ: ಗಾಳಿ ಒಳಬರುವ ವಾಲ್ವಿಗೆ 0.15, ಹೊಗೆ ಹೋಗುವ ವಾಲ್ವಿಗೆ 0.20 ಮಿಲಿಮೀಟರು. ವಾಲ್ವುಗಳನ್ನು ಮರಳುಪುಡಿ ಹಚ್ಚಿ ಅರೆದಿದ್ದರೆ ಅವು ಮೊದಲಿಗಿಂತ ಒಳಗೆ ಕೂರುತ್ತವೆ, ಸಂದು ಮುಚ್ಚಿಹೋಗುತ್ತದೆ, ವಾಲ್ವು ಬಾಯಿ ಬಿಟ್ಟೇ ಇರುತ್ತದೆ. ಕೆಲಸ ಚೆನ್ನಾಗಿ ಆಗಿದೆ, ಆದರೂ ಎಂಜಿನು ಹತ್ತದು ಎಂಬುದಕ್ಕೆ ಇದೊಂದು ಮುಖ್ಯ ಕಾರಣ.

ಸಂದು ಸರಿಯಿದ್ದೂ ಒತ್ತಡವಿಲ್ಲದಿದ್ದರೆ ಪ್ಲಗ್ ರಂಧ್ರದಲ್ಲಿ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಎಳೆಯಿರಿ. ಬಿಗಿ ಹೆಚ್ಚಿದರೆ ತಪ್ಪು ರಿಂಗಿನಲ್ಲಿ: ಒಣಗಾಗಿ ಕಟ್ಟಿರಬಹುದು, ಬಾಯಿಗಳು ಒಂದೇ ಸಾಲಿಗೆ ಬಂದಿರಬಹುದು, ತಲೆಕೆಳಗಾಗಿ ಕೂತಿರಬಹುದು. ಹೆಚ್ಚದಿದ್ದರೆ ತಪ್ಪು ವಾಲ್ವಿನಲ್ಲಿ ಇಲ್ಲವೆ ಹೆಡ್ ಗ್ಯಾಸ್ಕೆಟ್ಟಿನಲ್ಲಿ. ಗ್ಯಾಸ್ಕೆಟ್ಟಿನ ಅಂಚಿಗೆ ಸೋಪಿನ ನೀರು ಹಚ್ಚಿ ಹಗ್ಗ ಎಳೆದರೆ ಸೋರುವ ಕಡೆ ಗುಳ್ಳೆ ಏಳುತ್ತದೆ.

6. ಗಳಿಗೆ

ಕಿಡಿ ಇದೆ, ಪ್ಲಗ್ ಒದ್ದೆಯಾಗಿದೆ, ಒತ್ತಡವೂ ಇದೆ. ಆದರೂ ಎಂಜಿನು ಹತ್ತದು. ಹಲವರು ಇಲ್ಲಿಯೇ ದಾರಿ ತಪ್ಪಿ ಒಂದರ ಹಿಂದೊಂದು ಸಾಮಾನು ಬದಲಿಸುತ್ತಾರೆ. ಮೂರೂ ಇದ್ದು ಒಂದಕ್ಕೊಂದು ಕೂಡಿಬರುತ್ತಿಲ್ಲ ಎಂಬುದೇ ಇದರ ಅರ್ಥ.

ಪಿಸ್ಟನ್ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಆ ಗಳಿಗೆಯನ್ನು ನಿಶ್ಚಯಿಸುವುದು ಫ್ಲೈವ್ಹೀಲಿನ ಅಯಸ್ಕಾಂತ. ಫ್ಲೈವ್ಹೀಲನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಒಂದು ಚಿಕ್ಕ ಅರ್ಧಚಂದ್ರದ ಕೀ. ಆದರೆ ಚಕ್ರವನ್ನು ಗಟ್ಟಿಯಾಗಿ ಹಿಡಿದಿರುವುದು ಆ ಕೀ ಅಲ್ಲ; ದಂಡದ ಇಳಿಜಾರು ತುದಿ ಮತ್ತು ನಟ್ಟಿನ ಬಿಗಿ. ನಟ್ಟಿಗೆ ಬೇಕಾದ ಬಿಗಿ 75 ನ್ಯೂಟನ್ ಮೀಟರು, ಎಂದರೆ ಒಂದು ಮೀಟರು ಉದ್ದದ ಹಿಡಿಗೆ ಸುಮಾರು ಏಳೂವರೆ ಕಿಲೋ ಭಾರ. ಅಂದಾಜಿನಲ್ಲಿ ಬಿಗಿದರೆ, ಇಲ್ಲವೆ ದಂಡದ ಮೇಲಿನ ಎಣ್ಣೆ ಒರಸದೆ ಕೂರಿಸಿದರೆ, ಚಕ್ರ ಜಾರಿ ಕೀ ಅರ್ಧ ಕತ್ತರಿಸುತ್ತದೆ.

ನಮ್ಮ ಸದಸ್ಯರೊಬ್ಬರ ಯಂತ್ರದಲ್ಲಿ ಆದದ್ದು ಇದೇ. ಪೇಟೆಯ ಒಂದು ಕಾರ್ಖಾನೆಯಿಂದ ಪಿಸ್ಟನ್, ರಿಂಗು ಹಾಕಿಸಿ ತಂದಿದ್ದರು. ಎರಡು ಪ್ಲಗ್ ಬದಲಾಯಿತು, ಹೊಸ ಕಾರ್ಬೊರೇಟರೂ ಬಂತು. ಹಗ್ಗ ಎಳೆದಾಗ ಕೈಯನ್ನು ಹಿಂದಕ್ಕೆ ಜಗ್ಗುತ್ತಿತ್ತು, ನಡುವೆ ಕಾರ್ಬೊರೇಟರಿನ ಕಡೆಯಿಂದ ಢಬ್ ಎಂದು ಸದ್ದು. ಹೀಗೆ ಜಗ್ಗುವುದು, ಹಿಂದಕ್ಕೆ ಸಿಡಿಯುವುದು ಗಳಿಗೆ ತಪ್ಪಿದ ಗುರುತು. ಮುಚ್ಚಳ ತೆಗೆದು ಚಕ್ರ ಎಳೆದು ನೋಡಿದರೆ ಕೀ ಅರ್ಧಕ್ಕೆ ತುಂಡಾಗಿತ್ತು. ಹೊಸ ಕೀ ಹಾಕಿ, ದಂಡ ಒರಸಿ, ಅಳತೆಗೆ ನಟ್ಟು ಬಿಗಿದ ಮೇಲೆ ಮೂರನೆಯ ಎಳೆತಕ್ಕೆ ಹತ್ತಿತು. ಅಷ್ಟರಲ್ಲಿ ಬಿಸಿಲಿನ ಎರಡು ದಿನ ಕಳೆದುಹೋಗಿದ್ದವು.

ಕೀ ಸರಿಯಿದ್ದರೆ ಉಳಿಯುವುದು ಕ್ಯಾಮಿನ ಹಲ್ಲು. ಕ್ರ್ಯಾಂಕಿನ ಚುಕ್ಕೆಗೂ ಕ್ಯಾಮಿನ ಚುಕ್ಕೆಗೂ ಮುಖಾಮುಖಿ ಆಗಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನು ಸರಿಯಾಗಿ ನಡೆಯದು. ಪೂರ್ತಿ ಬಿಚ್ಚದೆ ಇದನ್ನು ಅರಿಯುವ ಉಪಾಯವುಂಟು. ವಾಲ್ವಿನ ಮುಚ್ಚಳ ತೆಗೆದು ಚಕ್ರವನ್ನು ಓಡುವ ದಿಕ್ಕಿಗೆ ಕೈಯಿಂದ ತಿರುಗಿಸಿರಿ. ಹೊಗೆಯ ವಾಲ್ವು ಮುಚ್ಚಿಕೊಳ್ಳುತ್ತ ಗಾಳಿಯ ವಾಲ್ವು ತೆರೆದುಕೊಳ್ಳುವ ಸಂಧಿಯಲ್ಲಿ ಪಿಸ್ಟನ್ ತುದಿಯ ಹತ್ತಿರವೇ ಇರಬೇಕು. ಪ್ಲಗ್ ರಂಧ್ರದಲ್ಲಿ ಮೆತ್ತಗೆ ಒಂದು ಕಡ್ಡಿ ಇಳಿಬಿಟ್ಟರೆ ಪಿಸ್ಟನ್ ಎಲ್ಲಿದೆಯೆಂದು ತಿಳಿಯುತ್ತದೆ. ಅದು ಬಹಳ ಕೆಳಗಿದ್ದರೆ ಹಲ್ಲು ತಪ್ಪಿದೆ. ಆಗ ಕ್ರ್ಯಾಂಕ್ ಕೇಸ್ ಬಿಚ್ಚದೆ ಗತಿಯಿಲ್ಲ.

ಸದಸ್ಯರು ನೆನಪಿಡಬೇಕಾದುವು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಪ್ಲಗ್, ಕಾಯಿಲ್, ಕಾರ್ಬೊರೇಟರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನು ಹತ್ತಿದರೂ ರೋಗ ಯಾವುದೆಂದು ತಿಳಿಯುವುದಿಲ್ಲ, ಹಣ ಮಾತ್ರ ಮೂರರಷ್ಟು ಹೋಗಿರುತ್ತದೆ.

ರಿಪೇರಿಗೆ ಕೊಟ್ಟ ಎಂಜಿನನ್ನು ಕಾರ್ಖಾನೆಯಲ್ಲೇ ನಿಮ್ಮೆದುರಿಗೆ ಚಾಲೂ ಮಾಡಿಸಿ, ಹಳೆಯ ಸಾಮಾನುಗಳನ್ನು ಕೇಳಿ ಪಡೆದು, ಆಮೇಲೆ ಹಣ ಕೊಡಿರಿ. ಇದು ಅಪನಂಬಿಕೆಯಲ್ಲ, ವ್ಯವಹಾರ.

ಸಿಂಪಡಣೆ ಮುಗಿದ ದಿನ ಯಂತ್ರದ ಮೇಲಿನ ಮೈಲುತುತ್ತದ ಕಲೆಯನ್ನು ನೀರು ಬಟ್ಟೆಯಿಂದ ಒರಸಿ ಒಣಗಿಸಿರಿ. ಕೊನೆಯ ಸುತ್ತು ಮುಗಿದ ಮೇಲೆ ಟ್ಯಾಂಕು ಮತ್ತು ಕಾರ್ಬೊರೇಟರ್ ಬಟ್ಟಲನ್ನು ಬರಿದು ಮಾಡಿ ಇಡಿರಿ.

ಎಂಜಿನು ಬಿಚ್ಚಿಸುವ ಕೆಲಸ ಮೇ ತಿಂಗಳಿನದಲ್ಲ. ಕಾಫಿ ಕೊಯ್ಲು ಮುಗಿದು ಕೈ ಬಿಡುವಾದಾಗಲೇ ಮಾಡಿಸಿ, ಯುಗಾದಿಯ ಹೊತ್ತಿಗೆ ಒಂದು ಡ್ರಮ್ಮು ಬರಿ ನೀರು ಸಿಂಪಡಿಸಿ ನೋಡಿಬಿಡಿರಿ. ಮೋಡ ಕವಿದ ಮೇಲೆ ಹಗ್ಗ ಎಳೆಯುತ್ತ ಕೂರುವುದು ಯುದ್ಧಕಾಲೇ ಶಸ್ತ್ರಾಭ್ಯಾಸವೇ ಸರಿ. ಕೊಳೆರೋಗ ನಮ್ಮ ಅಭ್ಯಾಸ ಮುಗಿಯುವವರೆಗೆ ಕಾಯುವುದಿಲ್ಲ.